ಗಿರಣಿಯ ಗವರ್ನರ್ ಮತ್ತು ನೀರಬಾಗಿಲ ಶೆಟ್ಟೆಪ್ಪ

ಗೋಕಾಕದಿಂದ ಮೂಡಲಗಿಗೆ ಹೋಗುವ ದಾರಿಯಲ್ಲಿ, ಘಟಪ್ರಭೆಯ ದಂಡೆಗೆ, ರಾಚಪ್ಪ ಸಾವ್ಕಾರರ ನೂಲಿನ ಗಿರಣಿ ಇತ್ತು. ಗೋಕಾಕ ಫಾಲ್ಸಿನ ದೊಡ್ಡ ಗಿರಣಿಯ ಮುಂದೆ ಅದು ಆಕಳ ಬಾಜೂಕ ನಿಂತ ಕರುವಿನಂತಿತ್ತು. ಆದರೂ ಸುತ್ತಲಿನ ಹಳ್ಳಿಗಳ ಎಷ್ಟೋ ಮನೆಗಳಲ್ಲಿ ಒಲೆ ಉರಿಯುತ್ತಿದ್ದುದು ಅದರಿಂದಲೇ. ಆ ಗಿರಣಿಯ ತಳಮನೆಯಲ್ಲಿ ಘೋಡಗೇರಿಯ ಶೆಟ್ಟೆಪ್ಪ ನೀರಿನ ಬಾಗಿಲು ಕಾಯುತ್ತಿದ್ದ.

ಒಡ್ಡಿನಿಂದ ದೊಡ್ಡ ಕೊಳವೆಯಲ್ಲಿ ನೀರು ಇಳಿದುಬಂದು ತಳಮನೆಯ ಕಬ್ಬಿಣದ ಚಕ್ರವನ್ನು ತಿರುಗಿಸುತ್ತಿತ್ತು. ಆ ಚಕ್ರದಿಂದ ತೊಗಲಿನ ಪಟ್ಟಾಗಳು ಮೇಲಿನ ಅಂತಸ್ತಿಗೆ ಏರಿ ಅಲ್ಲಿನ ನೂಲುವ ಯಂತ್ರಗಳನ್ನು ಓಡಿಸುತ್ತಿದ್ದವು. ಮೇಲೆ ಯಂತ್ರಗಳು ಹೆಚ್ಚು ನಡೆದಾಗ ನೀರು ಹೆಚ್ಚು ಬೇಕು. ಹೆಂಗಸರು ಬುತ್ತಿ ಬಿಚ್ಚಲು ಎದ್ದು ಅರ್ಧ ಯಂತ್ರ ನಿಂತರೆ ಭಾರ ಕಡಿಮೆಯಾಗಿ ಚಕ್ರ ಹುಚ್ಚು ಹಿಡಿದಂತೆ ಓಡತೊಡಗುತ್ತದೆ, ಮೇಲೆ ಎಳೆಗಳೆಲ್ಲ ಪಟಪಟನೆ ಹರಿಯುತ್ತವೆ. ಆದ್ದರಿಂದ ಬೆಳಗಿನಿಂದ ಸಂಜೆಯವರೆಗೆ ಒಬ್ಬ ಮನುಷ್ಯ ಬಾಗಿಲಿನ ಹಿಡಿಕೆ ಹಿಡಿದು, ತುಸು ತೆರೆಯುತ್ತ, ತುಸು ಮುಚ್ಚುತ್ತ ನಿಲ್ಲಬೇಕಿತ್ತು. ಆ ಮನುಷ್ಯ ಶೆಟ್ಟೆಪ್ಪ.

ಅವನು ನಿಲ್ಲುತ್ತಿದ್ದುದು ಬರಿಗಾಲಲ್ಲಿ, ಚಕ್ರದ ಮೇಲೆ ಹಾಸಿದ ಸಾಗವಾನಿ ಹಲಗೆಯ ಮೇಲೆ. ಬಂಡಿ ಹೊಡೆಯುವವನಿಗೆ ಎತ್ತು ದಣಿದದ್ದು ಹಗ್ಗದಲ್ಲಿ ತಿಳಿಯುವ ಹಾಗೆ, ಮೇಲೆ ಏನು ನಡೆದಿದೆ ಎಂಬುದು ಅವನಿಗೆ ಅಂಗಾಲಿನಲ್ಲಿ ತಿಳಿಯುತ್ತಿತ್ತು. ಅವನ ಹೆಂಡತಿ ಪಾರವ್ವ ಮೇಲೆಯೇ ಹರಿದ ಎಳೆ ಕೂಡಿಸುವ ಕೆಲಸದಲ್ಲಿದ್ದಳು. ಎಳೆ ಬಹಳ ಹರಿದ ದಿನ ಉಳಿದ ಹೆಂಗಸರು ಅವಳನ್ನು ಕಾಡುತ್ತಿದ್ದರು: “ಪಾರವ್ವಾ, ರಾತ್ರಿ ಗಂಡನ್ನ ಮಲಗಾಕ ಬಿಟ್ಟಿಲ್ಲೇನ? ಕೆಳಗ ತೂಕಡಸಾಕತ್ತಾನ ನೋಡು.” ಅವಳು ನಗುತ್ತಿದ್ದಳು. ಆದರೆ ಮನೆಗೆ ಬಂದು ಹೇಳದೆ ಬಿಡುತ್ತಿರಲಿಲ್ಲ.

ಸಾವಿರದ ಒಂಬೈನೂರಾ ಮೂವತ್ತೊಂದರ ದೀಪಾವಳಿ ಮುಗಿದ ಮೇಲೆ ತಳಮನೆಗೆ ಹೊಸ ಯಂತ್ರವೊಂದು ಬಂತು. ಅದನ್ನು ಕೂಡಿಸಿದವನು ಸತ್ಯಪ್ಪ ಮಿಸ್ತ್ರಿ. ಹುಬ್ಬಳ್ಳಿಯ ರೈಲ್ವೆ ಕಾರಖಾನೆಯಲ್ಲಿ ಕೆಲಸ ಕಲಿತು ಬಂದ ಅವನು ಮಾತಿಗಿಂತ ಹೆಚ್ಚು ನಗುವವನು. ಯಂತ್ರವೆಂದರೆ ನೆಟ್ಟಗೆ ನಿಂತ ಒಂದು ಕಂಬ, ಅದರ ಎರಡೂ ಕಡೆ ತೋಳಿಗೆ ತೂಗಿದ ಕಬ್ಬಿಣದ ಗುಂಡುಗಳು. ದೊಡ್ಡ ಚಕ್ರದಿಂದ ಬಂದ ಸಣ್ಣದೊಂದು ಪಟ್ಟಾ ಆ ಕಂಬವನ್ನು ತಿರುಗಿಸುತ್ತಿತ್ತು. ಚಕ್ರದ ಓಟ ಹೆಚ್ಚಾದರೆ ಗುಂಡುಗಳು ಮೇಲೆದ್ದು ಅಗಲವಾಗುತ್ತಿದ್ದವು, ಬಾಗಿಲು ತಾನೇ ಮುಚ್ಚಿಕೊಳ್ಳುತ್ತಿತ್ತು. ಓಟ ಕಡಿಮೆಯಾದರೆ ಗುಂಡುಗಳು ಕೆಳಗಿಳಿಯುತ್ತಿದ್ದವು, ಬಾಗಿಲು ತೆರೆಯುತ್ತಿತ್ತು.

“ಇದಕ್ಕ ಏನಂತಾರ?” ಎಂದು ಶೆಟ್ಟೆಪ್ಪ ಕೇಳಿದ.

“ಗವರ್ನರ್.”

“ಮುಂಬೈಯಾಗಿನ ಸಾಹೇಬಗ ಅಂತಾರಲ್ಲ, ಅದ?”

“ಅದ. ಮುಂಬೈಯಾಗ ಒಬ್ಬ, ನಮ್ಮ ಗಿರಣ್ಯಾಗ ಒಬ್ಬ,” ಎಂದು ಸತ್ಯಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಆ ಮಾತು ಮಧ್ಯಾಹ್ನದೊಳಗೆ ಗಿರಣಿಯ ತುಂಬ ಹರಡಿತು. ಹೆಂಗಸರು ಬಾಗಿಲಿಗೆ ಬಂದು ಇಣುಕಿ, ತಿರುಗುವ ಗುಂಡುಗಳಿಗೆ ಸಲಾಮು ಹೊಡೆದು ಹೋದರು.

ಶೆಟ್ಟೆಪ್ಪನೂ ಮೊದಲ ದಿನ ನಕ್ಕ. ಮರುದಿನದಿಂದ ಅವನಿಗೆ ನಗು ಬರಲಿಲ್ಲ. ಯಂತ್ರ ಅವನಿಗಿಂತ ಚಲೋ ಕೆಲಸ ಮಾಡುತ್ತಿತ್ತು. ಅವನು ಹಲಗೆಯ ಮೇಲೆ ಕಣ್ಣು ಮುಚ್ಚಿ ನಿಂತು, ಅಂಗಾಲಿಗೆ ಕಂಪನ ತಟ್ಟಿದ ಕೂಡಲೆ ಕಣ್ಣು ತೆರೆದು ನೋಡುತ್ತಿದ್ದ. ಅಷ್ಟರಲ್ಲಿ ಗುಂಡುಗಳು ಏಳಬೇಕಾದಷ್ಟು ಎದ್ದಿರುತ್ತಿದ್ದವು, ಬಾಗಿಲು ಸರಿಯಬೇಕಾದಷ್ಟು ಸರಿದಿರುತ್ತಿತ್ತು. ಎಷ್ಟು ಸಲ ಪರೀಕ್ಷೆ ಮಾಡಿದರೂ ಅದೇ ಕತೆ.

ಆ ವಾರ ಪಾರವ್ವ ಮನೆಗೆ ಹಗುರಾಗಿ ಬಂದಳು. ರೊಟ್ಟಿ ಬಡಿಯುತ್ತ ಅಂದಳು: “ಎಳಿ ಹರಿಯೂದ ನಿಂತೈತಿ ನೋಡ್ರಿ. ಬಗ್ಗಿ ಬಗ್ಗಿ ನಡಾ ನೋಯ್ತಿತ್ತು, ಈಗ ಬಾಜೂಕ ನಿಂದ್ರೂ ಇಂದ್ರವ್ವನ ಕೂಡ ನಾಕ ಮಾತಾಡಾಕ ಪುರಸೊತ್ತು ಸಿಗತೈತಿ.”

ಶೆಟ್ಟೆಪ್ಪ ರೊಟ್ಟಿಗೆ ಪುಂಡಿಪಲ್ಯ ಕಲಸುತ್ತ ಕೂತ.

“ಹೊಟ್ಟಿಕಿಚ್ಚೇನು, ಕಬ್ಬಣದ ಮ್ಯಾಲ?” ಎಂದು ಅವಳು ನಕ್ಕಳು.

“ಹೊಟ್ಟಿಕಿಚ್ಚು ಅಲ್ಲ,” ಎಂದ ಅವನು. ಏನು ಎಂಬುದು ಅವನಿಗೂ ಆಗ ತಿಳಿದಿರಲಿಲ್ಲ.

ಸಾವ್ಕಾರರು ಅವನನ್ನು ಕೆಲಸದಿಂದ ತೆಗೆಯಲಿಲ್ಲ. ಯಂತ್ರದ ಬಾಜೂಕ ಒಂದು ಬೆಂಚು ಹಾಕಿಸಿ, “ಇಲ್ಲೆ ಕುಂದ್ರು. ಎಣ್ಣಿ ಹಾಕು, ಒರಸು. ಅದು ತಪ್ಪಿದ್ರ ಮಾತ್ರ ಈ ಕೀಲಿ ಎಳಿ,” ಎಂದರು. ಕೀಲಿ ಎಳೆದರೆ ಗವರ್ನರಿನ ಹಿಡಿತ ಬಿಟ್ಟು, ಬಾಗಿಲಿನ ಹಿಡಿಕೆ ಮತ್ತೆ ಮನುಷ್ಯನ ಕೈಗೆ ಬರುತ್ತಿತ್ತು.

“ಅದು ತಪ್ಪೇತಿ ಅಂತ ನನಗ ಹೆಂಗ ಗೊತ್ತಾಗಬೇಕ್ರಿ ಸಾವ್ಕಾರ್ರ?” ಎಂದು ಶೆಟ್ಟೆಪ್ಪ ಕೇಳಿದ.

“ಇಷ್ಟು ವರ್ಷ ಬಾಗಲಾ ಕಾದೀಯಲ್ಲೋ.”

“ಕಾದೇನ್ರಿ. ಆದರ ಅದಕ್ಕ ನನಗಿಂತ ಮೊದಲ ತಿಳೀತೈತಿ. ನನಗ ಒಂದು ಅನಿಸಿ, ಅದಕ್ಕ ಇನ್ನೊಂದು ಅನಸಿದ್ರ, ನಾ ಯಾರ ಮಾತು ಕೇಳ್ಲಿ?”

ಸಾವ್ಕಾರರು ಸತ್ಯಪ್ಪನ ಮುಖ ನೋಡಿದರು. ಸತ್ಯಪ್ಪ ನಕ್ಕ. ಅಲ್ಲಿಗೆ ಆ ಪ್ರಶ್ನೆ ಮುಗಿದಂತಾಯಿತು. ಶೆಟ್ಟೆಪ್ಪನಿಗೆ ಮಾತ್ರ ಅದು ಅಂದೇ ಶುರುವಾಯಿತು.

ಹಿಂದೆ ಇಡೀ ದಿನ ದುಡಿದು ಮನೆಗೆ ಬಂದರೆ ಅವನಿಗೆ ಮಲಗಿದ್ದೇ ನಿದ್ದೆ. ಈಗ ಬೆಂಚಿನ ಮೇಲೆ ಕೂತು ಬಂದವನಿಗೆ ಮೈ ದಣಿಯದಿದ್ದರೂ ಮನಸ್ಸು ಸೋತಿರುತ್ತಿತ್ತು. ಗುಂಡುಗಳಿಂದ ಕಣ್ಣು ತೆಗೆಯಲು ಅಂಜಿಕೆ. ಬುತ್ತಿ ತಿನ್ನುವಾಗಲೂ ತುತ್ತು ನೋಡದೆ ಯಂತ್ರವನ್ನೇ ನೋಡುತ್ತಿದ್ದ. ಅದು ತಪ್ಪದೆ ನಡೆದ ಒಂದೊಂದು ದಿನವೂ ಅವನ ಧೈರ್ಯವನ್ನು ಹೆಚ್ಚಿಸುವ ಬದಲು ಕಡಿಮೆ ಮಾಡಿತು. ಇಷ್ಟು ದಿನ ತಪ್ಪದ್ದು ನಾಳೆ ತಪ್ಪಿದರೆ, ತಪ್ಪಿದೆ ಎಂದು ಹೇಳುವ ಎದೆ ತನಗೆಲ್ಲಿರುತ್ತದೆ?

ಮರುವರ್ಷದ ಶ್ರಾವಣದಲ್ಲಿ ಒಂದು ದಿನ ಅಂಗಾಲಿಗೆ ವಿಚಿತ್ರ ನಡುಕ ತಟ್ಟಿತು. ನೋಡಿದರೆ ಗುಂಡುಗಳು ಕೆಳಗಿಳಿದಿದ್ದವು, ಬಾಗಿಲು ತೆರೆಯುತ್ತಲೇ ಇತ್ತು. ಅಷ್ಟು ನೀರನ್ನು ಅದು ಎಂದೂ ಕೇಳಿರಲಿಲ್ಲ. ಶೆಟ್ಟೆಪ್ಪ ಕೀಲಿ ಎಳೆದು, ಹಿಡಿಕೆಗೆ ಹಾರಿ, ಬಾಗಿಲು ಮುಚ್ಚಿದ. ಗಿರಣಿ ಮುಗ್ಗರಿಸಿ ನಿಂತಿತು. ಮೇಲೆ ಎಲ್ಲ ಯಂತ್ರಗಳ ಎಳೆಗಳೂ ಹರಿದವು.

ತಪ್ಪು ಅವನದಾಗಿತ್ತು. ಹತ್ತಿ ಹಿಂಜುವ ಹೊಸ ಯಂತ್ರಗಳನ್ನು ಮೇಲೆ ಅಂದೇ ಓಡಿಸಿ ನೋಡಿದ್ದರು, ಅದಕ್ಕೆ ನೀರು ನಿಜಕ್ಕೂ ಹೆಚ್ಚು ಬೇಕಿತ್ತು. ಅದನ್ನು ಕೆಳಗೆ ಯಾರೂ ಹೇಳಿರಲಿಲ್ಲ, ಆದರೂ ಗವರ್ನರಿಗೆ ತಿಳಿದಿತ್ತು. ಹೆಂಗಸರು ಸಂಜೆಯವರೆಗೆ ಎಳೆ ಕೂಡಿಸಿದರು. ಅಂದು ಪಾರವ್ವ ಅವನನ್ನು ಬಿಟ್ಟು ಮುಂದೆ ನಡೆದು ಮನೆ ಸೇರಿದಳು.

ಸಾವ್ಕಾರರು ಬೈಯಲಿಲ್ಲ. “ಮುಂದ ಕೀಲಿ ಮುಟ್ಟೂ ಮೊದಲ ಮಿಸ್ತ್ರಿಗೆ ಕೇಳು, ಆತಿಲ್ಲೋ?” ಎಂದರು. ಬೈದಿದ್ದರೆ ಚೆನ್ನಾಗಿತ್ತು ಎಂದು ಶೆಟ್ಟೆಪ್ಪನಿಗೆ ಅನಿಸಿತು.

ಸತ್ಯಪ್ಪ ಕೆಟ್ಟವನಲ್ಲ. ಅವತ್ತು ಅವನೇ ಬೆಂಚಿಗೆ ಬಂದು ಕೂತು, ಎಲೆ ಅಡಿಕೆ ಬಿಚ್ಚಿ ಕೊಟ್ಟ. “ಶೆಟ್ಟೆಪ್ಪಣ್ಣಾ, ಮನಸಿಗಿ ಹಚ್ಚಿಕೋಬ್ಯಾಡ. ಇದೇನೂ ಅಲ್ಲ. ಈಗ ಹೊರದೇಶದಾಗ ಎಳಿ ಹರದ್ರ ತಾನ ತಿಳಕೊಂಡು ನಿಲ್ಲೂ ಮಗ್ಗ ಬಂದಾವಂತ. ಲೆಕ್ಕಾ ಮಾಡೂ ಯಂತ್ರ ಬಂದಾವಂತ. ಇನ್ನ ಸ್ವಲ್ಪ ದಿವಸಕ್ಕ ಗವರ್ನರ್‌ನ ನೋಡಕೊಳ್ಳಾಕ ಇನ್ನೊಂದು ಗವರ್ನರ್ ಬರತೈತಿ.”

“ಅದನ್ನ ನೋಡಕೊಳ್ಳಾಕ?”

“ಅದಕ್ಕಿಂತ ಶಾಣ್ಯಾ ಇನ್ನೊಂದು.”

“ಎಲ್ಲಾಕಿಂತ ಮ್ಯಾಲಿಂದು ಇರತೈತಲ್ಲ, ಅದನ್ನ ಯಾರು ನೋಡಕೋತಾರ?”

ಸತ್ಯಪ್ಪ ಈ ಸಲ ನಗಲಿಲ್ಲ. ಸುಣ್ಣದ ಡಬ್ಬಿ ಮುಚ್ಚಿ, “ಅಷ್ಟೊತ್ತಿಗೆ ಯಾರಾರ ಏನಾರ ಮಾಡಿರ್ತಾರ ಬಿಡು,” ಎಂದ. ಆ ಉತ್ತರ ಕೇಳಿ ಶೆಟ್ಟೆಪ್ಪನ ಅಂಜಿಕೆ ಇಮ್ಮಡಿಯಾಯಿತು. ತನಗಿಂತ ತಿಳಿದವನ ಹತ್ತಿರವೂ ಇಷ್ಟೇ ಇತ್ತಲ್ಲ!

ಸುಗ್ಗಿ ಮುಗಿದ ಮೇಲೆ ಅವನು ಹುಕ್ಕೇರಿಗೆ, ಅಕ್ಕ ಬಾಳವ್ವನ ಮನೆಗೆ ಹೋದ. ನಿಡಸೋಸಿಯ ಮಠಕ್ಕೆ ಹೋಗಿ ಬರುತ್ತೇನೆಂದು ಮನೆಯಲ್ಲಿ ಹೇಳಿದ್ದ. ಹೋದ, ದರ್ಶನ ಮಾಡಿ ಪ್ರಸಾದ ಉಂಡ, ಆದರೆ ಮಠದಲ್ಲಿ ಯಾರನ್ನೂ ಏನೂ ಕೇಳುವ ಧೈರ್ಯವಾಗಲಿಲ್ಲ. ಅಕ್ಕನ ಕೊಟ್ಟಿಗೆಯಲ್ಲಿ ಕೂತಾಗ ಬಾಯಿ ಬಿಟ್ಟ. ಗಂಡ ಸತ್ತ ಮೇಲೆ ಬಾಳವ್ವ ಒಬ್ಬಳೇ ಹೊಲ ಮಾಡಿಸುತ್ತಿದ್ದಳು, ಮಾತು ನೇರ.

“ಅಕ್ಕಾ, ಆ ಯಂತ್ರಕ್ಕ ನಾ ಅಂಜೇನಿ.”

“ಯಾಕೋ ತಮ್ಮಾ, ಕಡೀತೈತೇನು?” ಅವಳು ಎತ್ತುಗಳಿಗೆ ಜೋಳದ ಕಣಿಕೆ ಹಾಕುತ್ತಿದ್ದಳು. “ಇಲ್ಲಿ ನೋಡು. ಈ ಎತ್ತಿಗಿ ನನಗಿಂತ ಎಷ್ಟು ಬಲ ಐತಿ. ಒಂದ ಸಲ ಕೊಂಬು ಬೀಸಿದ್ರ ನಾ ಇರೂದಿಲ್ಲ. ಆದರೂ ಗೂಟಕ್ಕ ಕಟ್ಟಿಸಿಕೊಂಡು ನಿಂತೈತಿ. ನಿನ್ನ ಯಂತ್ರನೂ ಹಂಗ. ಬಲ ಅದರದು, ಹಗ್ಗ ನಮ್ಮದು.”

ಶೆಟ್ಟೆಪ್ಪ ಗೂಟದ ಹಗ್ಗವನ್ನು ಮುಟ್ಟಿ ನೋಡಿದ. ಆಮೇಲೆ ಕೇಳಿದ: “ಅಕ್ಕಾ, ಹಗ್ಗ ನಮ್ಮ ಕೈಯಾಗ ಯಾಕೈತಿ?”

“ಯಾಕಂದ್ರ? ನಮಗ ಬುದ್ಧಿ ಹೆಚ್ಚೈತಿ.”

“ಹಂ. ಬಲ ಅದಕ್ಕ ಹೆಚ್ಚು, ಬುದ್ಧಿ ನಮಗ ಹೆಚ್ಚು, ಅದಕ್ಕ ಎತ್ತು ಗೂಟದಾಗೈತಿ. ನನ್ನ ಬಾಜೂಕ ಇರೂದಕ್ಕ ಬಲಾನೂ ನನಗಿಂತ ಹೆಚ್ಚು, ನನ್ನ ಕೆಲಸದಾಗ ಬುದ್ಧೀನೂ ಹೆಚ್ಚು. ನಾಳಿ ಎಲ್ಲಾ ಕೆಲಸದಾಗೂ ಹೆಚ್ಚಿಂದು ಬಂದ್ರ?”

ಬಾಳವ್ವನ ಕೈ ಕಣಿಕೆಯ ಮೇಲೆ ನಿಂತಿತು.

“ಮೊದಲ ಸಲ ಎತ್ತಿಗಿ ಹಗ್ಗ ಹಾಕಿದಾಗ ಅದಕ್ಕ ತಿಳದಿತ್ತೇನಕ್ಕಾ, ತನ್ನ ಕಟ್ಟಾಕತ್ತಾರಂತ? ನಾವೇನು ಹೊಡದು ಕಟ್ಟಿಲ್ಲ. ಮೇವು ತೋರಿಸಿ ಕಟ್ಟೇವಿ. ಪಾರವ್ವಂಗ ಈಗ ನಡಾ ನೋಯೂದಿಲ್ಲ. ಸಾವ್ಕಾರ್ರ ನೂಲಿಗಿ ಮುಂಬೈಯಾಗ ಚಲೋ ಹೆಸರು ಬಂದೈತಿ. ಎಲ್ಲಾರಿಗೂ ಮೇವು ಸಿಕ್ಕೈತಿ.”

“ಸುಮ್ಮನಿರೋ,” ಎಂದಳು ಬಾಳವ್ವ. “ಹೊತ್ತು ಮುಣಗೂ ಹೊತ್ತಿನ್ಯಾಗ ಇಂಥಾ ಮಾತು ಬ್ಯಾಡ.” ಆದರೆ ರಾತ್ರಿ ಉಣ್ಣಲು ಬಡಿಸುವಾಗ ಅವಳೇ ಮತ್ತೆ ತೆಗೆದಳು: “ನಿನ್ನ ಕೈ ಮಾತ್ರ ಮರೀಬ್ಯಾಡ, ತಮ್ಮಾ. ಕೈಗೆ ರೂಢಿ ತಪ್ಪಿದ್ರ ಹಗ್ಗ ಇದ್ದೂ ಇಲ್ಲದಂಗ.”

ಆ ಮಾತು ಅವನಿಗೆ ನಾಟಿತು. ಗಿರಣಿಗೆ ಮರಳಿದ ಮೇಲೆ ಒಂದು ಮಧ್ಯಾಹ್ನ, ಅರ್ಧ ಯಂತ್ರಗಳು ನಿಂತ ಹೊತ್ತಿನಲ್ಲಿ, ಸತ್ಯಪ್ಪನಿಗೆ ಹೇಳಿ ಕೀಲಿ ಎಳೆದು ಹಿಡಿಕೆ ಹಿಡಿದ. ಹಲಗೆಯ ಮೇಲೆ ಹಿಂದಿನಂತೆಯೇ ಬರಿಗಾಲಲ್ಲಿ ನಿಂತ. ಆದರೆ ಅಂಗಾಲಿಗೆ ಬಂದ ನಡುಕ ಯಾವುದರದು ಎಂದು ಗುರುತು ಹತ್ತಲಿಲ್ಲ. ತೆರೆದರೆ ಓಟ ಅತಿಯಾಯಿತು, ಮುಚ್ಚಿದರೆ ತೀರ ಕಡಿಮೆಯಾಯಿತು. ಮೇಲಿಂದ ಹೆಂಗಸರು ಕೂಗಾಡಿದರು. ಅವನು ಕೀಲಿ ಹಾಕಿ ಬೆಂಚಿನ ಮೇಲೆ ಕೂತ. ಯಂತ್ರ ಬಂದು ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಅಷ್ಟರಲ್ಲೇ ಕೈಯ ರೂಢಿ ಹೋಗಿತ್ತು.

ಅವನು ಸಾವ್ಕಾರರ ಮುಂದೆ ನಿಂತು ಕೇಳಿಕೊಂಡ: “ವಾರದಾಗ ಒಂದು ದಿವಸ ಬಾಗಲಾ ನನ್ನ ಕೈಯಾಗ ಕೊಡ್ರಿ. ರೂಢಿ ಇರಲಿ.”

“ಆ ಒಂದು ದಿವಸದ ನೂಲು ಯಾರು ತಗೋತಾರೋ?” ಸಾವ್ಕಾರರು ಬೇಸರದಿಂದಲೇ ಅಂದರು. “ಎಲ್ಲಾ ಗಿರಣ್ಯಾಗೂ ಗವರ್ನರ್ ಕುಂತಾವ. ನಾ ಒಬ್ಬಾಂವ ಕೈಲೇ ನಡಸ್ತೇನಿ ಅಂದ್ರ ಗಿರಣಿ ಮುಚ್ಚಬೇಕಾಗತೈತಿ. ನನಗೇನು ಅದರ ಮ್ಯಾಲ ಪ್ರೀತಿ ಐತೇನು? ಬಿಡಾಕ ಬರೂದಿಲ್ಲ, ಅಷ್ಟ.”

ಅಷ್ಟೇ ಅಲ್ಲ, ಕೀಲಿ, ಹಿಡಿಕೆಗಳನ್ನೇ ಬಿಚ್ಚಿ ತೆಗೆಯುವ ಮಾತೂ ಹೊರಟಿತ್ತು. ಕೀಲಿ ಇದ್ದರೆ ಯಾರಾದರೂ ಹೆದರಿ ಎಳೆಯುತ್ತಾರೆ, ಎಳೆದರೆ ನಷ್ಟ, ಇರದಿದ್ದರೆ ಒಳ್ಳೆಯದು ಎಂಬುದು ಸತ್ಯಪ್ಪನ ಲೆಕ್ಕ. ಆ ಲೆಕ್ಕದಲ್ಲಿ ತಪ್ಪೂ ಇರಲಿಲ್ಲ. ಅಲ್ಲಿಯವರೆಗೆ ಹೆದರಿ ಕೀಲಿ ಎಳೆದದ್ದು ಒಂದೇ ಸಲ, ಆ ಸಲ ತಪ್ಪಿದ್ದು ಮನುಷ್ಯನೇ. ಶೆಟ್ಟೆಪ್ಪ ಸತ್ಯಪ್ಪನ ಕೈ ಹಿಡಿದುಕೊಂಡು, “ಈ ಮಳಿಗಾಲ ಒಂದು ಹೋಗಲಿ ಮಿಸ್ತ್ರಿ, ಆಮ್ಯಾಲ ಬೇಕಾದ್ದು ಮಾಡು,” ಎಂದ. ಸತ್ಯಪ್ಪ ಮುಲಾಜಿಗೆ ಬಿದ್ದು ಒಪ್ಪಿದ.

ಆ ಮಳೆಗಾಲ ಹೊಳೆ ಕೆಂಪಾಗಿ ಬಂತು. ತಳಮನೆಯ ಗೋಡೆಗಳಲ್ಲಿ ನೀರು ಜಿನುಗಿ ಎಲ್ಲವೂ ಒದ್ದೆ. ಒಂದು ಮುಂಜಾನೆ, ಗಿರಣಿ ತುಂಬು ಓಟದಲ್ಲಿರುವಾಗ, ಗವರ್ನರಿನ ಗುಂಡುಗಳು ಮೆಲ್ಲಗೆ ಕೆಳಗಿಳಿಯತೊಡಗಿದವು. ಬಾಗಿಲು ತೆರೆಯತೊಡಗಿತು.

ಶೆಟ್ಟೆಪ್ಪ ಎದ್ದು ನಿಂತ. ಅಂಗಾಲಿನಲ್ಲಿ ಓಟ ಏರುತ್ತಿದೆ ಎನಿಸಿತು. ಆದರೆ ಯಂತ್ರ ಓಟ ಕಡಿಮೆಯಾಗಿದೆ ಎನ್ನುತ್ತಿತ್ತು. ಹಿಂದಿನ ಸಲವೂ ಹೀಗೇ ಆಗಿತ್ತಲ್ಲವೇ? ಮೇಲೆ ಮತ್ತೆ ಯಾವುದೋ ಹೊಸ ಯಂತ್ರ ಓಡಿಸುತ್ತಿರಬಹುದು. ತನ್ನ ಅಂಗಾಲು ಕೆಟ್ಟು ಹೋಗಿದೆ ಎಂಬುದನ್ನು ತಾನೇ ನೋಡಿದ್ದ. ಮಿಸ್ತ್ರಿಗೆ ಕೇಳು ಎಂದಿದ್ದರು. ಅವನು ಮೆಟ್ಟಿಲಿಗೆ ಓಡಿದ. “ಸತ್ಯಪ್ಪಾ! ಮ್ಯಾಲ ಏನಾರ ಹೊಸಾದು ಹಚ್ಚೀರೇನು?” ಎಂದು ಕೂಗಿದ. ಯಂತ್ರಗಳ ಸದ್ದಿನಲ್ಲಿ ಅವನ ದನಿ ಯಾರಿಗೂ ಮುಟ್ಟಲಿಲ್ಲ. ಅರ್ಧ ಮೆಟ್ಟಿಲು ಹತ್ತಿ ಮತ್ತೆ ಕೂಗಿದ. ಉತ್ತರವಿಲ್ಲ.

ಅಲ್ಲಿ, ಮೆಟ್ಟಿಲಿನ ಮಧ್ಯದಲ್ಲಿ ನಿಂತು, ಅವನಿಗೆ ಒಂದು ವಿಚಾರ ಬಂತು. ನನ್ನದು ತಪ್ಪಾದರೆ ಎಳೆ ಹರಿಯುತ್ತವೆ, ಎಳೆ ಕೂಡಿಸಬಹುದು. ಅದರದು ತಪ್ಪಾದರೆ ಮೇಲಿರುವವರು ಹೆಂಗಸರು. ಅಷ್ಟು ಹೊಳೆದದ್ದೇ ತಿರುಗಿ ಇಳಿದು ಕೀಲಿಯನ್ನು ಎರಡೂ ಕೈಯಿಂದ ಜಗ್ಗಿದ. ಹಿಡಿಕೆ ತಿರುಗಿಸಲು ಹೋದರೆ ಪೂರಾ ತೆರೆದ ಬಾಗಿಲಿಗೆ ನೀರು ಒತ್ತಿ ಹಿಡಿದಿತ್ತು. ಎದೆ ಕೊಟ್ಟು ನೂಕಿದ. ಮೇಲೆ ಏನೋ ಸಿಡಿದ ಸದ್ದು, ಅದರ ಹಿಂದೆಯೇ ಹೆಂಗಸರ ಚೀರಾಟ. ಅವನು ನೂಕುತ್ತಲೇ ಇದ್ದ. ಸತ್ಯಪ್ಪ ಹಾರಿ ಬಂದು ಕೈ ಕೂಡಿಸಿದ. ಬಾಗಿಲು ಮುಚ್ಚಿತು.

ಪಟ್ಟಾವೊಂದು ಹರಿದು ಬೀಸಿ ಇಂದ್ರವ್ವನ ಬಲಗೈಗೆ ಬಡಿದಿತ್ತು. ಮೊಣಕೈಯ ಕೆಳಗೆ ಎಲುಬು ಪುಡಿಯಾಗಿತ್ತು. ಪಾರವ್ವ ತನ್ನ ಸೆರಗು ಹರಿದು ಕಟ್ಟಿದಳು, ಬಂಡಿಯಲ್ಲಿ ಹಾಕಿಕೊಂಡು ಗೋಕಾಕಕ್ಕೆ ಒಯ್ದರು. ಜೀವ ಉಳಿಯಿತು. ಆ ಕೈಯಿಂದ ಅವಳು ಮತ್ತೆ ಎಳೆ ಕೂಡಿಸಲಿಲ್ಲ. ಓಟ ಇನ್ನೂ ಏರಿದ್ದರೆ ಮೇಲೆ ಪಟ್ಟಾ ಓಡುವ ಕಬ್ಬಿಣದ ಗಾಲಿಗಳೇ ಒಡೆದು ಬೀಳುತ್ತಿದ್ದವು, ಎಷ್ಟು ಹೆಂಗಸರು ಉಳಿಯುತ್ತಿದ್ದರೋ ಹೇಳಲಾಗದು ಎಂದು ಸತ್ಯಪ್ಪ ಆಮೇಲೆ ಎಲ್ಲರಿಗೂ ಹೇಳಿದ.

ಏನಾಗಿತ್ತು ಎಂಬುದನ್ನು ಕಂಡುಹಿಡಿದವನೂ ಅವನೇ. ಗವರ್ನರನ್ನು ತಿರುಗಿಸುವ ಸಣ್ಣ ಪಟ್ಟಾ ತೇವಕ್ಕೆ ಜಾರುತ್ತಿತ್ತು. ಚಕ್ರ ಜೋರಾಗಿ ಓಡುತ್ತಿದ್ದರೂ ಗುಂಡುಗಳಿಗೆ ಆ ಓಟ ಮುಟ್ಟುತ್ತಿರಲಿಲ್ಲ. ಸಂಜೆ ಅವನು ಆ ಒದ್ದೆ ಪಟ್ಟಾವನ್ನು ಶೆಟ್ಟೆಪ್ಪನ ಮುಂದೆ ಇಟ್ಟು ಕೂತ.

“ಅದು ಕೆಟ್ಟಿರಲಿಲ್ಲ ಶೆಟ್ಟೆಪ್ಪಣ್ಣಾ. ಓಟ ಕಡಿಮಿ ಆಗೇತಿ ಅಂತ ಅದಕ್ಕ ತಿಳೀತು. ಕಡಿಮಿ ಆದ್ರ ಏನು ಮಾಡಬೇಕೋ ಅದನ್ನ ಮಾಡ್ತು. ಓಟ ಹೆಚ್ಚಾದಷ್ಟೂ ಪಟ್ಟಾ ಜಾರ್ತು. ಪಟ್ಟಾ ಜಾರಿದಷ್ಟೂ ಅದು ಇನ್ನೂ ನೀರು ಬಿಡ್ತು. ನಮ್ಮನ್ನ ಕೊಂದಿದ್ರೂ ಅದರ ಲೆಕ್ಕದಾಗ ತನ್ನ ಕೆಲಸ ಚಲೋನ ಮಾಡಿರ್ತಿತ್ತು.”

“ಅದಕ್ಕ ನಮ್ಮ ಮ್ಯಾಲ ಸಿಟ್ಟಿರಲಿಲ್ಲ,” ಎಂದ ಶೆಟ್ಟೆಪ್ಪ.

“ಇಲ್ಲ.”

“ಸಿಟ್ಟಿದ್ರ ಮುಖದಾಗರೆ ಕಾಣ್ತಿತ್ತು.”

ಹಿಡಿಕೆ ಬಿಚ್ಚುವ ಮಾತನ್ನು ಸತ್ಯಪ್ಪ ಮುಂದೆಂದೂ ಎತ್ತಲಿಲ್ಲ.

ಸಾವ್ಕಾರರು ಇಂದ್ರವ್ವನಿಗೆ ಗಿರಣಿಯ ಬಾಗಿಲಲ್ಲಿ ಕುಳಿತು ಬಂದುಹೋಗುವವರನ್ನು ನೋಡುವ ಕೆಲಸ ಕೊಟ್ಟರು. ಶೆಟ್ಟೆಪ್ಪನಿಗೆ ಅವಳ ಮುಂದೆ ಹಾದು ಹೋಗುವುದೇ ಕಷ್ಟವಾಯಿತು. ಮೆಟ್ಟಿಲು ಹತ್ತಿದ ಆ ಹೊತ್ತು ಅವನನ್ನು ತಿನ್ನುತ್ತಿತ್ತು. ಒಂದು ದಿನ ಅವಳೇ ನಿಲ್ಲಿಸಿದಳು.

“ಅಣ್ಣಾ, ತಲಿ ತಗ್ಗಿಸಿ ಯಾಕ ಹೋಗ್ತೀ? ಮಿಸ್ತ್ರಿನ್ನ ಕೇಳಾಕ ಹೋಗಿದ್ದಿ ಅಂತಲ್ಲ.”

“ಕೇಳಾಕ ಹೋಗಿದ್ನೆವ್ವಾ. ಕೇಳದ ಎಳೀಬೇಕಾಗಿತ್ತು.”

“ಹಿಂದಿನ ಸಲ ಕೇಳದ ಎಳದಾಗ ನಾವ ಎಲ್ಲಾರೂ ನಿನ್ನ ಬೈದಿದ್ವಿ. ನಾನೂ ಬೈದಿದ್ನಿ.” ಅವಳು ಎಡಗೈಯಿಂದ ಸೆರಗು ಸರಿ ಮಾಡಿಕೊಂಡಳು. “ಬೈಸಿಕೊಂಡ ಕೈ ತಡದಽ ತಡೀತೈತಿ.”

ಅಂದಿನಿಂದ ದಿನಾ ಮುಂಜಾನೆ ಸ್ವಲ್ಪ ಹೊತ್ತು ಬಾಗಿಲು ಶೆಟ್ಟೆಪ್ಪನ ಕೈಯಲ್ಲಿರಬೇಕೆಂದು ಸಾವ್ಕಾರರೇ ಗೊತ್ತು ಮಾಡಿದರು. ಆ ಹೊತ್ತಿನ ನೂಲು ಒರಟಾದರೂ ಯಾರೂ ಗೊಣಗಲಿಲ್ಲ. ಅವನ ಅಂಗಾಲಿಗೆ ಮೆಲ್ಲಗೆ ಹಿಂದಿನ ತಿಳಿವಳಿಕೆ ಬಂತು, ಪೂರ್ತಿ ಅಲ್ಲದಿದ್ದರೂ ಬಂತು. ಆದರೆ ಮಂದಿ ಅಂಜಿಕೆಯನ್ನು ಬಹಳ ದಿನ ಇಟ್ಟುಕೊಳ್ಳುವುದಿಲ್ಲ. ವರ್ಷಗಳು ಸುಮ್ಮನೆ ಕಳೆದವು, ಯಂತ್ರ ಮತ್ತೆ ತಪ್ಪಲಿಲ್ಲ. ದಿನಾ ಇದ್ದದ್ದು ವಾರಕ್ಕೊಮ್ಮೆ ಆಯಿತು, ಆಮೇಲೆ ನೆನಪಾದಾಗ. ಯುದ್ಧ ಶುರುವಾಗಿ ನೂಲಿಗೆ ಬೇಡಿಕೆ ಏರಿದಾಗ ಪೂರಾ ನಿಂತಿತು.

ನಲವತ್ತಮೂರರಲ್ಲಿ ಹೊಸ ಗವರ್ನರ್ ಬಂತು. ಅದರ ಗುಂಡುಗಳು ಕಬ್ಬಿಣದ ಪೆಟ್ಟಿಗೆಯೊಳಗೆ, ಎಣ್ಣೆಯಲ್ಲಿ ಮುಳುಗಿ ತಿರುಗುತ್ತಿದ್ದವು. ಹೊರಗೆ ಏನೂ ಕಾಣುತ್ತಿರಲಿಲ್ಲ, ಹಳೆಯ ಕೀಲಿ, ಹಿಡಿಕೆ ಮಾತ್ರ ಬಾಜೂಕ ಉಳಿದಿದ್ದವು. ಸತ್ಯಪ್ಪ ಅದರ ಮೇಲೆ ಕೈಯಿಟ್ಟು, “ಒಳಗ ಏನು ನಡದೈತಿ ಅಂತ ಈಗ ನನಗೂ ಗೊತ್ತಾಗೂದಿಲ್ಲ. ಕೆಟ್ರ ಬಿಚ್ಚಬ್ಯಾಡ್ರಿ, ಪೆಟ್ಟಿಗೀನ ಮುಂಬೈಗೆ ಕಳಸ್ರಿ ಅಂದಾರ,” ಎಂದ. ಅವನಿಗೂ ತಲೆ ಹಣ್ಣಾಗಿತ್ತು. ಬಿಡುವಾದಾಗೆಲ್ಲ ಅವನು ಕೆಳಗಿಳಿದು ಶೆಟ್ಟೆಪ್ಪನ ಬೆಂಚಿನ ಮೇಲೆ ಕೂಡುತ್ತಿದ್ದ. ಇಬ್ಬರು ಮುದುಕರು ಒಂದು ಮುಚ್ಚಿದ ಪೆಟ್ಟಿಗೆಯ ಸದ್ದಿಗೆ ಕಿವಿಗೊಟ್ಟು ಕೂತಿರುವುದನ್ನು ನೋಡಿ ಹೊಸ ಹುಡುಗಿಯರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು.

ನಲವತ್ತೈದರ ಚಳಿಗಾಲದಲ್ಲಿ ಶೆಟ್ಟೆಪ್ಪನಿಗೆ ಅರ್ಧಾಂಗ ಹೊಡೆಯಿತು. ಬಲಗಾಲು, ಬಲಗೈ ಹೋದವು. ಅವನನ್ನು ಘೋಡಗೇರಿಯ ಅಣ್ಣತಮ್ಮಂದಿರ ಮನೆಗೆ ಒಯ್ದು ಬಿಟ್ಟು, ನಾಲ್ಕು ದಿನ ಆರೈಕೆ ಮಾಡಿ, ಪಾರವ್ವ ಕೆಲಸಕ್ಕೆ ಬಂದಳು. ತಳಮನೆಗೆ ಯಾರನ್ನು ಹಾಕಿದ್ದಾರೆಂದು ಬಾಗಿಲಲ್ಲಿದ್ದ ಇಂದ್ರವ್ವನನ್ನು ಕೇಳಿದಳು.

“ಯಾರನ್ನೂ ಹಾಕಿಲ್ಲ. ಬ್ಯಾಡಂತ. ಅದು ತಾನ ಎಲ್ಲಾ ನೋಡಕೋತೈತೆಂತ.”

ಪಾರವ್ವ ಮೇಲೆ ಹೋಗಲಿಲ್ಲ. ಮೆಟ್ಟಿಲಿನ ಮೇಲೆ ಕೂತುಬಿಟ್ಟಳು. ಇಂದ್ರವ್ವ ಬಾಗಿಲು ಬಿಟ್ಟು ಬಂದು ಅವಳ ಬಾಜೂಕ ಕೂತಳು. ಹಿಂದಿನದನ್ನು ಕಂಡಿದ್ದ ಹಳೆಯ ಹೆಂಗಸರು ಒಬ್ಬೊಬ್ಬರಾಗಿ ಕೂತರು. ಹೊಸಬರು ಏನೆಂದು ಕೇಳಿದರು. ಇಂದ್ರವ್ವ ಮಾತಾಡದೆ ಸೆರಗು ಸರಿಸಿ ಕೈ ತೋರಿಸಿದಳು. ಅವರೂ ಕೂತರು.

ರಾಚಪ್ಪ ಸಾವ್ಕಾರರು ಕೋಲೂರಿಕೊಂಡು ಬಂದರು. “ಏನವ್ವಾ ಪಾರವ್ವಾ ಇದು? ಆ ಯಂತ್ರಾ ಶೆಟ್ಟೆಪ್ಪಗಿಂತ ಶಾಣ್ಯಾ ಐತಿ. ಇದು ನಿನಗೂ ಗೊತ್ತೈತಿ.”

“ಇರಲಿ ಬಿಡ್ರಿ ಧಣ್ಯಾರ, ಶಾಣ್ಯಾ ಇರಲಿ,” ಎಂದಳು ಪಾರವ್ವ. “ಶಾಣ್ಯಾನ ಬಾಜೂಕ ಅಂಜೂ ಒಬ್ಬ ಮನಷ್ಯಾ ಬೇಕ್ರಿ. ಮ್ಯಾಲ ನಾವದೇವಿ ಅಂತ ಅಂಜಾಂವ. ಅದಕ್ಕ ಅಂಜಿಕಿ ಇಲ್ರಿ. ಕೆಳಗ ಮನಷ್ಯಾ ಇಲ್ಲದ ನಾವು ಮ್ಯಾಲ ಹತ್ತೂದಿಲ್ಲ.”

ಸಾವ್ಕಾರರು ಬೈದರು, ಬೇಡಿಕೊಂಡರು, ಹೊರಗೆ ಹೋದರು, ಮತ್ತೆ ಬಂದರು. ಹೊತ್ತು ಏರಿತು. ಕೆಳಗೆ ಪೆಟ್ಟಿಗೆ ಒಂದೇ ಸಮನೆ ಗುಂಯ್ಗುಡುತ್ತಿತ್ತು. ಕೆಲಸವಿರಲಿ ಇಲ್ಲದಿರಲಿ, ಅದು ತನ್ನ ಪಾಡಿಗೆ ನೀರನ್ನು ಅಳೆದು ಬಿಡುತ್ತಲೇ ಇತ್ತು.

ಕೊನೆಗೆ ಸತ್ಯಪ್ಪ ಜನರ ನಡುವೆ ದಾರಿ ಮಾಡಿಕೊಂಡು, ಗೋಡೆ ಹಿಡಿದು, ತಳಮನೆಗೆ ಇಳಿದ. ಬೆಂಚು ಎಳೆದ ಸದ್ದು ಕೇಳಿಸಿತು.

“ನಾ ಅದೀನಿ,” ಎಂದು ಕೆಳಗಿಂದ ಕೂಗಿದ. “ದಿನಾ ನಾ ಇರ್ತೇನಿ. ಹತ್ರಿ ಮ್ಯಾಲ.”

ಇಂದ್ರವ್ವ ಬಗ್ಗಿ ಕೇಳಿದಳು: “ಮಿಸ್ತ್ರಿ, ಹಿಡಿಕಿ ನಿನ್ನ ಕೈಲೆ ತಿರಗತೈತೇನು?”

ಕೆಳಗಿಂದ ಕಬ್ಬಿಣ ಕಿರುಗುಟ್ಟಿದ ಸದ್ದು ಬಂತು. ಇನ್ನೊಮ್ಮೆ ಬಂತು. “ಬಿಗಿ ಆಗೇತಿ,” ಎಂದ ಸತ್ಯಪ್ಪ, ಏದುಸಿರು ಬಿಡುತ್ತ. “ಎಣ್ಣಿ ಹಾಕಾಕತ್ತೇನಿ. ತಡೀರಿ.”

ಹೆಂಗಸರು ಮೇಲೇಳಲಿಲ್ಲ. ಬುತ್ತಿಯ ಗಂಟುಗಳನ್ನು ತೊಡೆಯ ಮೇಲಿಟ್ಟುಕೊಂಡು, ಆ ಹಿಡಿಕೆ ತಿರುಗಿದ ಸದ್ದು ಕೇಳುವವರೆಗೆ ಮೆಟ್ಟಿಲಿನ ಮೇಲೆಯೇ ಕಾದರು.